ಹಿಡಿ ಎಂದರೆ ಎಷ್ಟು ಗ್ರಾಂ, ಅವ್ವ?

ಎಡಿನ್‌ಬರೋ
ಜನವರಿ 18, ಭಾನುವಾರ

ಅವ್ವ, ಅಪ್ಪ ಇಬ್ಬರಿಗೂ ನಮಸ್ಕಾರ. ನಾವು ನಾಲ್ಕೂ ಜನ ಕ್ಷೇಮ.

ಫೋನಿನಲ್ಲಿ ಹೇಳಿದರೆ ನೀನು "ಹೂಂ, ಹೂಂ" ಎನ್ನುತ್ತೀಯ. ಆಮೇಲೆ ನಿನಗೆ ತೋಚಿದ ಹಾಗೆ ಮಾಡುತ್ತೀಯ. ಅದಕ್ಕೇ ಈ ಸಲ ಕಾಗದ. ಬರೆದು, ಫೋಟೋ ತೆಗೆದು, ಅಣ್ಣನ ಮೊಬೈಲಿಗೆ ಹಾಕುತ್ತೇನೆ. ಅವನು ಮೈಸೂರಿನಿಂದ ಬರುವಾಗ ರೈಲಿನಲ್ಲಿ ಒಮ್ಮೆ ಓದಿಕೊಂಡು, ಮನೆಗೆ ಬಂದು ನಿನಗೆ ಜೋರಾಗಿ ಓದಲಿ. ನಡುವೆ ಏನನ್ನೂ ಹಾರಿಸಬಾರದು. ಅವನ ಬಗ್ಗೆಯೂ ಒಂದೆರಡು ಮಾತಿದೆ.

ಅತ್ತಿಗೆ ಓವನ್ ತರಿಸಿದ್ದಾರೆ ಎಂದು ಕೇಳಿ ಖುಷಿಯಾಯಿತು. ನೀನು ಅದರ ಮೇಲೆ ಟವೆಲ್ ಹೊದಿಸಿ ಉಪ್ಪಿನಕಾಯಿ ಜಾಡಿ ಇಟ್ಟಿದ್ದೀಯ ಎಂದೂ ಕೇಳಿದೆ. ಮೊದಲು ಜಾಡಿ ಇಳಿಸು. ಓವನ್ ಕಾಯುವಾಗ ಮೇಲೆ ಬಟ್ಟೆ ಗಿಟ್ಟೆ ಏನೂ ಇರಬಾರದು, ಗೋಡೆಗೂ ಒತ್ತಿಕೊಂಡಿರಬಾರದು.

ಪುಟ್ಟಿಯ ಹುಟ್ಟುಹಬ್ಬಕ್ಕೆ ರಾಗಿ ಕೇಕು ಮಾಡಬೇಕು, ಹೇಗೆ ಎಂದು ಅತ್ತಿಗೆ ಕೇಳಿದ್ದರು. ನಾನು ಇದನ್ನು ಹದಿನೈದು ಇಪ್ಪತ್ತು ಸಲ ಮಾಡಿದ್ದೇನೆ. ಮೊದಲ ನಾಲ್ಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೆಲ್ಲ 150 ಗ್ರಾಂ, ಗಟ್ಟಿ ಮೊಸರು 200 ಗ್ರಾಂ, ಎಣ್ಣೆ ಅಥವಾ ಕರಗಿಸಿದ ಬೆಣ್ಣೆ 100 ಗ್ರಾಂ. ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಮೊಟ್ಟೆ ಇಲ್ಲ. ಹಾಗಾಗಿ ಸೋಮವಾರ, ಶನಿವಾರ ಎಂದು ನೋಡಬೇಕಿಲ್ಲ.

ರಾಗಿ ಹಿಟ್ಟನ್ನು ಮೊಸರಿನಲ್ಲಿ ಕಲಸಿ ಅರ್ಧ ಗಂಟೆ ನೆನೆಯಲು ಬಿಡಿ. ಇದನ್ನು ಮಾತ್ರ ತಪ್ಪಿಸಬೇಡಿ. ನೆನೆಯದಿದ್ದರೆ ಕೇಕು ಬಾಯಲ್ಲಿ ಮರಳಿನ ಹಾಗೆ ಕಿರಕಿರ ಎನ್ನುತ್ತದೆ. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಸೋಸಿ, ಆರಿಸಿ. ಹಾಲಿಗೆ ಹಾಕಿ ಕುದಿಸಬೇಡಿ, ಒಡೆಯುತ್ತದೆ. ನಮ್ಮ ಆಲೆಮನೆ ಬೆಲ್ಲವಾದರೆ ಸೋಸುವುದು ಬೇಕೇ ಬೇಕು, ಕಬ್ಬಿನ ನಾರು ಒಂದಾದರೂ ಇದ್ದೇ ಇರುತ್ತದೆ. ಆಮೇಲೆ ಎಣ್ಣೆ, ಬೆಲ್ಲದ ನೀರು, ರಾಗಿ ಎಲ್ಲ ಸೇರಿಸಿ. ಗೋಧಿ ಹಿಟ್ಟಿಗೆ ಸೋಡಾ, ಪೌಡರ್ ಬೆರೆಸಿ, ಜರಡಿ ಹಿಡಿದು ಕೊನೆಗೆ ಹಾಕಿ. ಅಲ್ಲಿಂದ ಮುಂದೆ ಅವಸರ ಇರಲಿ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಗುಳ್ಳೆ ಏಳಿಸಲು ಶುರು ಮಾಡುತ್ತದೆ. ಆ ಗುಳ್ಳೆ ಪಾತ್ರೆಯಲ್ಲೇ ಒಡೆದು ಹೋದರೆ ಕೇಕು ಏಳುವುದಿಲ್ಲ. ಓವನ್ ಮುಂಚೆಯೇ 180 ಡಿಗ್ರಿಗೆ ಕಾದಿರಬೇಕು. ಕೇಕಿನ ಟಿನ್ ಇಲ್ಲದಿದ್ದರೆ ಕುಕ್ಕರಿನ ಒಳಗೆ ಇಡುವ ಅಲ್ಯೂಮಿನಿಯಂ ಡಬ್ಬಿ ಸಾಕು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ತುಂಬಿಸಿ. 35ರಿಂದ 40 ನಿಮಿಷ. ಕಡ್ಡಿ ಚುಚ್ಚಿದರೆ ಏನೂ ಅಂಟಬಾರದು.

ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬೇಡ ಅವ್ವ. ನಿನ್ನ ಬುದ್ಧಿ ನನಗೆ ಗೊತ್ತು. ಕುದಿಯುವ ಸಾರಿನ ಮುಚ್ಚಳ ತೆಗೆದು ನೋಡಿದ ಹಾಗಲ್ಲ ಇದು. ತಣ್ಣನೆ ಗಾಳಿ ಹೊಕ್ಕರೆ ನಡುವೆ ಕುಸಿದು ಕೂರುತ್ತದೆ. ಗಾಜಿನ ಬಾಗಿಲು ಇದೆಯಲ್ಲ, ಸ್ಟೂಲ್ ಹಾಕಿಕೊಂಡು ಕೂತು ನೋಡು.

ಕೇಕಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ರಾಗಿ ಬ್ರೆಡ್ಡಿನ ಕಥೆ ಹೇಳದೆ ಇರಲು ಆಗುವುದಿಲ್ಲ.

ಮಕ್ಕಳಿಗೆ ಇಲ್ಲಿ ಬ್ರೆಡ್ ದಿನಾ ಬೇಕು. ಬರೀ ಬಿಳಿ ಬ್ರೆಡ್ ತಿಂದು ಬೆಳೆಯುತ್ತಾರಲ್ಲ ಎಂದು ನನಗೊಂದು ಕೊರಗು. ಅರ್ಧ ರಾಗಿ, ಅರ್ಧ ಗೋಧಿ ಹಾಕಿ ಮಾಡಿಯೇ ಬಿಟ್ಟೆ. ಕಲ್ಲು! ಚಾಕು ಇಳಿಯಲಿಲ್ಲ. ಚಿಕ್ಕವನು ಬೆರಳಿನಿಂದ ಕುಟ್ಟಿ ನೋಡಿ, "ಅಮ್ಮ, ಇದನ್ನು ಯಾರು ತಿನ್ನಬೇಕು?" ಎಂದ. ಬಿಸಾಡಲು ಮನಸ್ಸು ಬರಲಿಲ್ಲ. ಕೊಬ್ಬರಿ ತುರಿಯುವ ಹಾಗೆ ತುರಿದು, ಈರುಳ್ಳಿ ಸಬ್ಬಸಿಗೆ ಸೇರಿಸಿ ವಡೆ ತಟ್ಟಿದೆ. ವಡೆ ಚೆನ್ನಾಗಿತ್ತು. ಅದು ಬ್ರೆಡ್ ಆಗಿತ್ತು ಎಂದು ನಿನ್ನ ಅಳಿಯನಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಗೊತ್ತಾಯಿತು. ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದರೆ ಒಳಗೆ ರಬ್ಬರಿನಂಥ ಎಳೆ ಕಟ್ಟುತ್ತದೆ. ಗ್ಲುಟೆನ್ ಎನ್ನುತ್ತಾರೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಅದೇ. ರಾಗಿಯಲ್ಲಿ ಅದು ಇಲ್ಲವೇ ಇಲ್ಲ. ಇದನ್ನು ಓದಿದಾಗ ನೀನು ನೆನಪಾದೆ. ಮದುವೆಗೆ ಮುಂಚೆ ನಾನು ರಾಗಿ ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸಲು ಹೋಗಿ, ಚೂರು ಚೂರಾದಾಗ ನೀನು ನಕ್ಕು, "ಅದು ತಟ್ಟೋ ಹಿಟ್ಟು ಕಣೇ, ಎಳೆಯೋ ಹಿಟ್ಟಲ್ಲ" ಎಂದಿದ್ದೆ. ಅಷ್ಟೇ ವಿಷಯ. ಅದನ್ನು ನಾನು ಇಲ್ಲಿ ಎರಡು ಪುಟ ಓದಿ ತಿಳಿದುಕೊಂಡೆ.

ಈಗ ಹೇಗೆ ಮಾಡುತ್ತೇನೆ ಗೊತ್ತಾ? ಮುದ್ದೆ ಮಾಡುವ ಹಾಗೆಯೇ. 100 ಗ್ರಾಂ ರಾಗಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದೆ ಕಾಯಿಸಿ, ಮುದ್ದೆಗಿಂತ ಸಡಿಲವಾಗಿ ಬೇಯಿಸಿಕೊಳ್ಳುತ್ತೇನೆ. ಅದು ಪೂರ್ತಿ ಆರಿದ ಮೇಲೆ ಬ್ರೆಡ್ಡಿಗೆಂದೇ ಮಾರುವ ಗೋಧಿ ಹಿಟ್ಟು 400 ಗ್ರಾಂಗೆ ಸೇರಿಸಿ, ಯೀಸ್ಟ್ ಹಾಕಿ ನಾದುತ್ತೇನೆ. ಬಿಸಿ ಇರುವಾಗಲೇ ಸೇರಿಸಿದರೆ ಯೀಸ್ಟ್ ಸಾಯುತ್ತದೆ. ಬೆಂದ ರಾಗಿ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದರಿಂದ ಬ್ರೆಡ್ ಮೂರನೇ ದಿನಕ್ಕೂ ಮೆತ್ತಗೇ ಇರುತ್ತದೆ. ಬಣ್ಣ ನಮ್ಮ ಕೆಂಪು ಮಣ್ಣಿನದು. ಅದರ ಮೇಲೆ ಬೆಣ್ಣೆ, ನೀನು ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿ. ಅಷ್ಟಿದ್ದರೆ ನನಗೆ ಇನ್ನೇನೂ ಬೇಡ.

ಇದು ಅಪ್ಪನಿಗೆ. ನನ್ನ ಆಫೀಸಿನಲ್ಲಿ ಕೀನ್ಯಾದವಳೊಬ್ಬಳು ಇದ್ದಾಳೆ. ನಾನು ತಂದ ಬ್ರೆಡ್ ಮೂಸಿ ನೋಡಿ, "ಇದು ವಿಂಬಿ!" ಎಂದಳು. ಅವರ ಭಾಷೆಯಲ್ಲಿ ರಾಗಿಗೆ ಹಾಗನ್ನುತ್ತಾರಂತೆ. ಅದರ ಗಂಜಿಗೆ ಉಜಿ ಎನ್ನುತ್ತಾರೆ, ನಮ್ಮ ಅಂಬಲಿಯೇ. ರಾಗಿಯ ಮೂಲ ಆಫ್ರಿಕಾ ಎಂದು ನೀವು ಹೇಳುತ್ತಿದ್ದಿರಿ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಮಾಡಿಸಿ ಇಂಡಾಫ್ ತಳಿ ತಂದದ್ದನ್ನು ಅವಳಿಗೆ ಹೇಳಿದೆ. "ಹಾಗಾದರೆ ನಾವು ಬೀಗರು" ಎನ್ನುವ ಅರ್ಥದಲ್ಲಿ ಏನೋ ಅಂದಳು. ಈಗ ಇಂಡಿಯನ್ ಅಂಗಡಿಯಲ್ಲಿ ರಾಗಿ ಹಿಟ್ಟು ಖಾಲಿಯಾದರೆ ಅವಳು ಹೋಗುವ ಅಂಗಡಿಯಿಂದ ತರಿಸಿಕೊಳ್ಳುತ್ತೇನೆ.

ಅಲ್ಲಿ ಈಗ ಅವರೆಕಾಯಿ ಕಾಲ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಗುಜರಾತಿಗಳ ಅಂಗಡಿಯಲ್ಲಿ "ಸುರ್ತಿ ಪಾಪ್ಡಿ ಲಿಲ್ವಾ" ಎಂದು ಬರೆದ ಫ್ರೋಜನ್ ಪೊಟ್ಟಣ ಸಿಗುತ್ತದೆ. ಮೂರು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ನಮ್ಮ ಅವರೆಕಾಳೇ ಎಂದು ಗೊತ್ತಾಗದೆ! ಸೊಗಡು ಇಲ್ಲ, ನಿಜ. ಬಿಸಿ ನೀರಿಗೆ ಹಾಕಿ ಚರ್ಮ ಹಿಸುಕಿ ತೆಗೆದರೆ ಹಿತ್ಕಿದಬೇಳೆ ಸಾರು ಮಾಡಬಹುದು. ಹಿಸುಕುವ ಕೆಲಸ ಮಕ್ಕಳದು. ಅರ್ಧ ಕಾಳು ಸೋಫಾದ ಕೆಳಗೆ ಹಾರುತ್ತದೆ.

ಒಂದು ಮರ್ಯಾದೆ ಹೋದ ಸಂಗತಿಯನ್ನೂ ಹೇಳಿಬಿಡುತ್ತೇನೆ. ದೀಪಾವಳಿಗೆ ಇಲ್ಲಿನ ಕನ್ನಡದ ನಾಲ್ಕೈದು ಮನೆಯವರನ್ನು ಕರೆದಿದ್ದೆ. ಮಂಡ್ಯದವಳು ಎಂದ ಮೇಲೆ ಮದ್ದೂರು ವಡೆ ಮಾಡದೆ ಆಗುತ್ತದೆಯೇ? ಮೈದಾ ಎಂದು ತಂದಿದ್ದ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ನೋಡಲಿಲ್ಲ. ಅದು ಸೆಲ್ಫ್ ರೈಸಿಂಗ್ ಹಿಟ್ಟು. ಇಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆಸಿದ ಹಿಟ್ಟು ಮಾರುತ್ತಾರೆ. ತಟ್ಟಿ ಎಣ್ಣೆಗೆ ಬಿಟ್ಟರೆ ವಡೆ ಬುಸ್ ಎಂದು ಊದಿಕೊಂಡು ಮೇಲೆ ಬಂತು. ಒಂದು ಊದಿತು, ಎರಡು ಊದಿತು. ಎಲ್ಲವೂ! ಮಂಗಳೂರಿನವರೊಬ್ಬರು ತಿಂದು, "ಬನ್ಸ್ ಚೆನ್ನಾಗಿದೆ, ಈರುಳ್ಳಿ ಹಾಕಿದ್ದು ಮಾತ್ರ ಇದೇ ಮೊದಲು" ಎಂದರು. ಎಲ್ಲಿಗೆ ಹೋಗಿ ಮುಖ ಮುಚ್ಚಿಕೊಳ್ಳಲಿ? ಅಪ್ಪ ಹೇಳುವ ಕಥೆ ಇದೆಯಲ್ಲ, ರೈಲು ಬರುವಷ್ಟರಲ್ಲಿ ಪಕೋಡ ಆಗುವುದಿಲ್ಲ ಎಂದು ಅದೇ ಹಿಟ್ಟನ್ನು ತಟ್ಟಿ ಕರಿದದ್ದೇ ಮದ್ದೂರು ವಡೆ ಅಂತ. ಅವಸರದಲ್ಲಿ ಅವರಿಗೆ ವಡೆ ಹುಟ್ಟಿತು, ನನಗೆ ಬನ್ಸ್ ಹುಟ್ಟಿತು.

"ಇಬ್ಬರೂ ಕೆಲಸಕ್ಕೆ ಹೋಗ್ತೀರಾ, ಇಷ್ಟೆಲ್ಲ ಯಾವಾಗ ಮಾಡ್ತೀಯ?" ಎಂದು ನೀನು ಕೇಳುತ್ತಿರುತ್ತೀಯ. ದಿನಾ ಮಾಡುವುದಿಲ್ಲ ಅವ್ವ. ಬೆಳಿಗ್ಗೆ ಎಂಟೂವರೆಗೆ ಇಲ್ಲಿ ಬೆಳಕು ಹರಿಯುವುದು. ಕತ್ತಲಲ್ಲಿ ಎದ್ದು ಒಗ್ಗರಣೆ ಹಾಕಲು ನನ್ನ ಕೈಲಿ ಆಗುವುದಿಲ್ಲ. ಭಾನುವಾರ ಮೂರು ಗಂಟೆ ನಾಲ್ಕೂ ಜನ ಅಡುಗೆಮನೆಯಲ್ಲಿ ಇರುತ್ತೇವೆ. ನಿನ್ನ ಅಳಿಯ ಒಂದೂವರೆ ಕೆಜಿ ಈರುಳ್ಳಿ ಹೆಚ್ಚಿ, ಅರ್ಧ ಹುರಿದು ಇಡುತ್ತಾರೆ. (ಅಣ್ಣ, ಈ ಸಾಲನ್ನು ಇನ್ನೊಂದು ಸಲ ಓದು.) ದೊಡ್ಡವಳು ಹಿಟ್ಟು ತೂಗುತ್ತಾಳೆ. ತೊಗರಿಬೇಳೆ ಒಂದೇ ಸಲ ಬೇಯಿಸಿ, ನಾಲ್ಕು ಡಬ್ಬಿ ಮಾಡಿ, ಎರಡನ್ನು ಫ್ರೀಜರಿಗೆ ಹಾಕುತ್ತೇನೆ. ವಾರದ ಮಧ್ಯೆ ಒಂದು ಡಬ್ಬಿ ಹುಳಿ ಆಗುತ್ತದೆ, ಒಂದು ಮಸ್ಸೊಪ್ಪು ಆಗುತ್ತದೆ. ಇಲ್ಲಿನ ಕೇಲ್ ಸೊಪ್ಪು ಸ್ವಲ್ಪ ಒರಟು, ಆದರೆ ಬಸ್ಸಾರಿಗೆ ಚೆನ್ನಾಗಿ ಒಗ್ಗುತ್ತದೆ.

ದೋಸೆ ಹಿಟ್ಟು ರಾತ್ರಿ ರುಬ್ಬಿ ಓವನ್ ಒಳಗೆ ಇಡುತ್ತೇನೆ. ಓವನ್ ಹಚ್ಚುವುದಿಲ್ಲ, ಒಳಗಿನ ಬಲ್ಬು ಮಾತ್ರ. ಆ ಕಾವಿಗೆ ಬೆಳಿಗ್ಗೆ ಹೊತ್ತಿಗೆ ಹಿಟ್ಟು ಉಬ್ಬಿರುತ್ತದೆ. ಹಿಂದಿನ ಚಳಿಗಾಲದಲ್ಲಿ ಎರಡು ದಿನ ಇಟ್ಟರೂ ಹುಳಿ ಬರುತ್ತಿರಲಿಲ್ಲ. ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಉಳಿದದ್ದಕ್ಕೆ ಈರುಳ್ಳಿ ಹಾಕಿ ಪಡ್ಡು. ಶುಕ್ರವಾರ ಇಲ್ಲಿ ಮಕ್ಕಳಿಗೆ ಮಧ್ಯಾಹ್ನಕ್ಕೇ ಶಾಲೆ ಬಿಡುತ್ತದೆ, ನಾನೂ ಅರ್ಧ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅವತ್ತು ಖಾರ ಬನ್. ನಮ್ಮೂರ ಬೇಕರಿಯ ಮುಂದೆ ಹಾದುಹೋದರೆ ಬರುತ್ತದಲ್ಲ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೇಯುವ ಆ ವಾಸನೆ. ಮೂರು ಗಂಟೆಗೆ ಅದು ಮನೆ ತುಂಬುತ್ತದೆ. ಹೊರಗೆ ಮಳೆ ಹನಿಯುತ್ತಿರುತ್ತದೆ, ನಾಲ್ಕಕ್ಕೆ ಕತ್ತಲಾಗಲು ಶುರು. ಒಂದು ಬನ್ ಮುರಿದು ಬೆಣ್ಣೆ ಹಚ್ಚಿಕೊಂಡು ಕಾಫಿ ಕುಡಿದರೆ, ಆ ಹೊತ್ತಿಗೆ ನಾನು ಎಲ್ಲಿದ್ದೇನೆ ಎನ್ನುವುದು ಅಷ್ಟೇನೂ ಕಾಡುವುದಿಲ್ಲ.

ಎಲ್ಲವೂ ಓವನ್‌ನಲ್ಲಿ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಿಪ್ಪಟ್ಟನ್ನು ಬೇಕ್ ಮಾಡಿದೆ. ಮಕ್ಕಳ ಶಾಲೆಗೆ ಕಡಲೆಕಾಯಿ, ಗೋಡಂಬಿ ಕಳಿಸುವ ಹಾಗಿಲ್ಲ, ಕೆಲವು ಮಕ್ಕಳಿಗೆ ಅಲರ್ಜಿ. ಅದಕ್ಕೆ ಬರೀ ಹುರಿಗಡಲೆ ಹಾಕಿದೆ. ಡಬ್ಬಿಗೆ ಪರವಾಗಿಲ್ಲ, ಅಷ್ಟೇ. ನಿನ್ನ ಕರಿದ ನಿಪ್ಪಟ್ಟಿನ ಪಕ್ಕದಲ್ಲಿ ಇಡಬೇಡ.

ಇನ್ನು ಈ ಕಾಗದ ಬರೆಯಲು ಕೂತ ನಿಜವಾದ ಕಾರಣ. ನೀನು ಈಗಲೂ ನಾಲ್ಕೂವರೆಗೆ ಏಳುತ್ತೀಯಂತೆ. ಅಣ್ಣನ ಡಬ್ಬಿ, ಅತ್ತಿಗೆಯ ಡಬ್ಬಿ, ಪುಟ್ಟಿಯ ಡಬ್ಬಿ, ಮೂರಕ್ಕೂ ಬೇರೆ ಬೇರೆ. ಆಮೇಲೆ ಮಂಡಿ ಹಿಡಿದುಕೊಂಡು ಜಗಲಿ ಮೇಲೆ ಕೂರುತ್ತೀಯಂತೆ. ಅತ್ತಿಗೆ ನನ್ನ ಹತ್ತಿರ ಏನೂ ಹೇಳಿಲ್ಲ, ಅವರನ್ನು ಕೇಳಬೇಡ. ನಾನೇ ಹೇಳುತ್ತಿದ್ದೇನೆ. ಭಾನುವಾರ ಅವರಿಬ್ಬರೂ ಮನೆಯಲ್ಲೇ ಇರುತ್ತಾರಲ್ಲ. ಬೇಳೆ ಬೇಯಿಸಿ ಇಡುವುದು, ಹಿಟ್ಟು ರುಬ್ಬುವುದು, ಕಾಯಿ ತುರಿದು ಡಬ್ಬಿಗೆ ತುಂಬುವುದು, ಇಷ್ಟನ್ನು ಅವರು ಮಾಡಲಿ. ನೀನು ಕುರ್ಚಿ ಹಾಕಿಕೊಂಡು ಕೂತು ತಪ್ಪು ಹುಡುಕು. ಅದು ನಿನಗೆ ಕಷ್ಟವಾಗಲಿಕ್ಕಿಲ್ಲ.

"ಫ್ರಿಜ್ಜಿನ ತಂಗಳು ನಮ್ಮನೆಯಲ್ಲಿ ನಡೆಯಲ್ಲ" ಎನ್ನುತ್ತೀಯ. ಅಜ್ಜಿ ರಾತ್ರಿ ಮಿಕ್ಕ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಹಾಕಿ ಕೊಡುತ್ತಿದ್ದಳಲ್ಲ? ಅಪ್ಪ ಅದನ್ನೇ ಕುಡಿದು ಗದ್ದೆಗೆ ಹೋಗುತ್ತಿದ್ದರು. ಅದು ತಂಗಳಲ್ಲವಾ? ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಸಂಡಿಗೆ ಇಡುವವಳು ನೀನು. ಮೂರು ದಿನದ ಬೇಳೆಗೆ ಯಾಕೆ ಹೆದರುತ್ತೀಯ?

ನನಗೊಂದು ಉಪಕಾರ ಆಗಬೇಕು. ಸಾರಿನ ಪುಡಿ ಮುಗಿಯುತ್ತಾ ಬಂತು. ನೀನು ಬರೆಸಿದ ಲೆಕ್ಕದಲ್ಲಿ ಎಲ್ಲ "ಒಂದು ಹಿಡಿ", "ಅರ್ಧ ಹಿಡಿ", "ನೋಡಿಕೊಂಡು". ನನ್ನ ಹಿಡಿಯಲ್ಲಿ ಮಾಡಿದರೆ ನಿನ್ನ ಸಾರು ಬರುತ್ತಿಲ್ಲ. ಕೇಕಿಗಾಗಿ ಅತ್ತಿಗೆ ಹೇಗೂ ತೂಕದ ಯಂತ್ರ ತರಿಸಬೇಕು, ಅಂಗೈ ಅಗಲದ್ದು ಸಾಕು. ಮುಂದಿನ ಸಲ ಪುಡಿ ಹುರಿಯುವಾಗ ಕೊತ್ತಂಬರಿ ಬೀಜ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಒಂದೊಂದನ್ನೂ ನೀನು ಹಿಡಿಯಲ್ಲಿ ತೆಗೆ. ಬಾಣಲೆಗೆ ಬೀಳುವ ಮುಂಚೆ ಅತ್ತಿಗೆ ತೂಗಿ ಬರೆದುಕೊಳ್ಳಲಿ. ಬೇಕಾದರೆ ಐದು ಸಲ ಹಿಡಿ ಹಾಕಿಸಿ ನೋಡಲಿ. ಐದು ಸಲವೂ ಒಂದೇ ತೂಕ ಬರುತ್ತದೆ, ಅಣ್ಣನ ಹತ್ತಿರ ನೂರು ರೂಪಾಯಿ ಪಂತ ಕಟ್ಟಿದ್ದೇನೆ.

ಪುಟ್ಟಿಗೆ ಮುತ್ತು. ಮಕ್ಕಳು ಅಜ್ಜಿ ತಾತನನ್ನು ಕೇಳುತ್ತಾರೆ.

ನಿನ್ನ ಮಗಳು

ಮರೆತಿದ್ದೆ: ಕೇಕಿನಲ್ಲಿ ಅಪ್ಪನಿಗೆ ಒಂದೇ ತುಂಡು. "ರಾಗೀದು ತಾನೇ" ಎಂದು ಎರಡನೆಯದಕ್ಕೆ ಕೈ ಚಾಚುತ್ತಾರೆ. ಅದರಲ್ಲಿ 150 ಗ್ರಾಂ ಬೆಲ್ಲವೂ ಇದೆ ಎಂದು ಅಣ್ಣ ಜೋರಾಗಿ ಓದಲಿ.