ಕೈರಾನಾ ಬರೀ ಚುನಾವಣೆಯ ಊರಲ್ಲ

ಸಂಪಾದಕರೇ,

ಚುನಾವಣೆ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಉತ್ತರ ಪ್ರದೇಶದ ಕೈರಾನಾ ಹೆಸರು ಬರುತ್ತದೆ. 2016ರಲ್ಲಿ ಅಲ್ಲಿನ ಹಿಂದೂಗಳು ಊರು ಬಿಟ್ಟು ಹೋಗುತ್ತಿದ್ದಾರೆ ಎಂಬ ಗದ್ದಲ ಎದ್ದಾಗ ಬಂತು, 2018ರ ಉಪಚುನಾವಣೆಗೆ ಬಂತು, ಆಮೇಲೂ ಬಂತು. ಪ್ರತಿ ಸಲವೂ ಯಾವ ಧರ್ಮದವರ ವೋಟು ಎಷ್ಟು, ಯಾವ ಜಾತಿ ಯಾರ ಕಡೆ ಅನ್ನೋ ಲೆಕ್ಕ ಅಷ್ಟೇ. ಅದೂ ಸುದ್ದಿಯೇ, ಬರೆಯಬೇಡಿ ಅಂತ ಹೇಳುತ್ತಿಲ್ಲ. ಆದರೆ ಧಾರವಾಡ, ಹುಬ್ಬಳ್ಳಿ, ಗದಗದ ಓದುಗರಿಗೆ ಈ ಊರು ಏನಾಗಬೇಕು ಅನ್ನುವುದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಲ್ವಾ? ನಾವು ದಿನಾ ಕೇಳುವ ಕಿರಾಣಾ ಘರಾಣೆ, ಅಂದರೆ ಹಿಂದೂಸ್ತಾನಿ ಸಂಗೀತದ ಆ ಗಾಯನ ಪರಂಪರೆ, ಹುಟ್ಟಿದ್ದು ಅಲ್ಲಿ.

ದೆಹಲಿಯಿಂದ ಸುಮಾರು 100 ಕಿಲೋಮೀಟರ್ ದೂರದ ಸಣ್ಣ ಊರು. ಸುತ್ತಲೂ ಕಬ್ಬಿನ ಹೊಲ, ಯಮುನೆ ದಾಟಿದರೆ ಪಾಣಿಪತ್ ಕಡೆ ದಾರಿ. ಮುಂಚೆ ಮುಜಫ್ಫರ್‌ನಗರ ಜಿಲ್ಲೆಯಲ್ಲಿತ್ತು, ಈಗ ಶಾಮ್ಲಿ ಜಿಲ್ಲೆ. ಮೊಘಲ್ ಬಾದಶಹ ಜಹಾಂಗೀರನ ಹಕೀಮನಾಗಿದ್ದು (ವೈದ್ಯ) ಮುಂದೆ ಗುಜರಾತಿನ ಸುಬೇದಾರನಾದ (ಪ್ರಾಂತ್ಯದ ಆಡಳಿತಗಾರ) ಮುಕರ್ರಬ್ ಖಾನ್ ಈ ಊರಿನವನೇ. ಅವನು ಇಲ್ಲಿ 140 ಬಿಘಾ ತೋಟ ಮಾಡಿ, ನಡುವೆ ದೊಡ್ಡ ಕೆರೆ ಕಟ್ಟಿಸಿದ್ದ. ದೂರದ ಗುಜರಾತ್, ದಖ್ಖನ್ನಿನಿಂದ ಮಾವು ತಂದು ಬೆಳೆಸಿದ್ದ. ಜಹಾಂಗೀರ್ ಬಂದು ನೋಡಿ, ಅಲ್ಲಿ ಪಿಸ್ತಾ ಗಿಡ ಸಹ ಬೆಳೆದಿದೆ ಅಂತ ಮೆಚ್ಚಿ ಬರೆದಿಟ್ಟಿದ್ದಾನೆ. ಈ ಸೀಮೆಯ ಗುಜ್ಜರ್ ಜನರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಇಬ್ಬರೂ ತಮ್ಮನ್ನು ಒಂದೇ ಕಲ್ಸ್ಯಾನ್ ಕುಲದವರು ಅಂತ ಹೇಳಿಕೊಳ್ಳುತ್ತಾರೆ. 2013ರ ಮುಜಫ್ಫರ್‌ನಗರದ ಹಿಂದೂ-ಮುಸ್ಲಿಂ ಗಲಭೆಯಲ್ಲಿ ಸುತ್ತಲ ಹಳ್ಳಿಗಳಿಂದ ಓಡಿ ಬಂದ ಎಷ್ಟೋ ಕುಟುಂಬಗಳು ಈ ಊರಿನ ಆಸುಪಾಸಿನಲ್ಲೇ ನೆಲೆ ನಿಂತವು. ವೋಟಿನ ಪಟ್ಟಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

1872ರಲ್ಲಿ ಇಲ್ಲಿನ ಹಾಡುವವರ ಮನೆತನದಲ್ಲಿ ಅಬ್ದುಲ್ ಕರೀಂ ಖಾನ್ ಹುಟ್ಟಿದರು. ಅವರ ದಾಯಾದಿ ಸಹೋದರ ಅಬ್ದುಲ್ ವಹೀದ್ ಖಾನ್. ಒಂದೊಂದು ಸ್ವರವನ್ನೂ ಅವಸರ ಮಾಡದೆ ಬೆಳೆಸುತ್ತಾ ಹೋಗುವ ಈಗಿನ ಕಿರಾಣಾ ಗಾಯನಕ್ಕೆ ದಾರಿ ಹಾಕಿಕೊಟ್ಟವರು ಇವರಿಬ್ಬರೇ. ಆದರೆ ಆ ಊರಲ್ಲಿ ಕಲಾವಿದರನ್ನು ಸಾಕುವಂಥ ದರ್ಬಾರು ಇರಲಿಲ್ಲ. ಹೊಟ್ಟೆಪಾಡಿಗೆ ಹೊರಗೆ ಹೋಗಲೇಬೇಕು. ಕರೀಂ ಖಾನರು ಬರೋಡಾ ಆಸ್ಥಾನ ಸೇರಿದರು, ಆಮೇಲೆ ಮುಂಬೈ, ಪುಣೆ, ಮಿರಜ್. ಮೈಸೂರು ಅರಮನೆಯಿಂದಲೂ ಕರೆ ಬಂತು. ಮೈಸೂರಿಗೆ ಹೋಗುವಾಗ ಬರುವಾಗ ಧಾರವಾಡದಲ್ಲಿ ತಮ್ಮನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಗೂ ಬರುತ್ತಿದ್ದರು. ಆ ಓಡಾಟದಲ್ಲೇ ಕುಂದಗೋಳದ ಹುಡುಗ ರಾಮಭಾವು ಅವರ ಶಿಷ್ಯನಾದ. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರು ಅಂತ ಹೆಸರಾದ ಗಾಯಕ.

ಮುಂದಿನದು ನಮ್ಮ ಮನೆಯ ಕಥೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್. ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯ ರೆಕಾರ್ಡ್ ಕೇಳಿ ಹುಚ್ಚು ಹತ್ತಿ, 11ನೇ ವಯಸ್ಸಿಗೇ ಗುರುವನ್ನು ಹುಡುಕುತ್ತಾ ಗದಗ ಬಿಟ್ಟು ಓಡಿದ ಭೀಮಸೇನ ಜೋಶಿ. ಮುಂಬೈಯಿಂದ ಬಂದ ಪಾರ್ಸಿ ಶಿಷ್ಯ ಫಿರೋಜ್ ದಸ್ತೂರ್. ಮೂವರಿಗೂ ಗುರು ಸವಾಯಿ ಗಂಧರ್ವರೇ. ಕಲಿಸುವಾಗ ಯಾರೂ ಜಾತಿ ಧರ್ಮದ ಲೆಕ್ಕ ಹಾಕಲಿಲ್ಲ. ಕರೀಂ ಖಾನರೂ ಅಷ್ಟೇ, ಕರ್ನಾಟಕ ಸಂಗೀತದವರಿಂದ ಕೇಳಿ ಕಲಿತು ತ್ಯಾಗರಾಜರ ಕೀರ್ತನೆಯನ್ನೇ ರೆಕಾರ್ಡಿಗೆ ಹಾಡಿದವರು. ಅತ್ತ ವಹೀದ್ ಖಾನರ ಹತ್ತಿರ ಬೇಗಂ ಅಖ್ತರ್ ಕಲಿತರು. ಕರೀಂ ಖಾನರ ಮಗಳು ಹೀರಾಬಾಯಿ ಬಡೋದೇಕರ್ ಕೂಡ ವಹೀದ್ ಖಾನರಲ್ಲೇ ಕಲಿತರು. ಕರೀಂ ಖಾನರ ಇನ್ನೊಬ್ಬ ಶಿಷ್ಯೆ ರೋಶನ್ ಆರಾ ಬೇಗಂ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ದೊಡ್ಡ ಹೆಸರು ಮಾಡಿದರು. ಒಂದು ಸಣ್ಣ ಊರಿನ ಎರಡು ಮನೆಗಳಿಂದ ಇಷ್ಟೆಲ್ಲ!

1937ರ ಅಕ್ಟೋಬರ್‌ನಲ್ಲಿ ಪಾಂಡಿಚೇರಿ ಕಡೆ ರೈಲಿನಲ್ಲಿ ಹೊರಟಿದ್ದ ಕರೀಂ ಖಾನ್ ಸಾಹೇಬರಿಗೆ ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರಂ ಮೇಲೆ ನಮಾಜು ಮಾಡಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಾ ತೀರಿಕೊಂಡರು. ಸಮಾಧಿ ಇರುವುದು ಮಿರಜ್ ದರ್ಗಾದಲ್ಲಿ. ಅಲ್ಲಿ ಉರುಸಿಗೆ ಪ್ರತಿ ವರ್ಷ ಸಂಗೀತ ನಡೆಯುತ್ತದೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿಗೂ ನಡೆಯುತ್ತದೆ. ಎರಡೂ ಕಡೆ ನಮ್ಮ ಜನ ಹೋಗುತ್ತಾರೆ. ಕೈರಾನಾ ಕಡೆ ಮಾತ್ರ ನಾವು ತಿರುಗಿಯೂ ನೋಡುವುದಿಲ್ಲ, ಇದು ನನಗೆ ನಿಜಕ್ಕೂ ನೋವಿನ ವಿಷಯ.

ಅದಕ್ಕೇ ಎರಡು ಕೋರಿಕೆ. ಚುನಾವಣೆ ಇಲ್ಲದ ಕಾಲದಲ್ಲಿ ನಿಮ್ಮ ಒಬ್ಬ ವರದಿಗಾರರನ್ನು ಅಲ್ಲಿಗೆ ಕಳಿಸಿ. ಖಾನ್ ಸಾಹೇಬರ ಮನೆ ಯಾವ ಗಲ್ಲಿಯಲ್ಲಿತ್ತು, ಹಿರಿಯರಿಗೆ ಏನು ನೆನಪಿದೆ, ಮುಕರ್ರಬ್ ಖಾನನ ಕೆರೆ ಈಗ ಹೇಗಿದೆ ಅಂತ ಕೇಳಿ ಬರೆಸಿ, ಸುಮ್ನೆ ಒಂದು ಪ್ಯಾರಾ ಅಲ್ಲ, ಭಾನುವಾರದ ಪುಟ ಪೂರ್ತಿ ಕೊಡಿ. ಇನ್ನೊಂದು, ಮೈಸೂರಿನಲ್ಲಿ ಗಂಗೂಬಾಯಿ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆಯಲ್ಲ, ಅವರು ವರ್ಷಕ್ಕೊಮ್ಮೆ ನಾಲ್ಕಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಕೈರಾನಾದಲ್ಲೇ ಒಂದು ಸಂಗೀತದ ಬೈಠಕ್ ಮಾಡಲಿ. ಅಲ್ಲಿನ ಶಾಲೆ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ.

ಇಂತಿ,
ನಿಮ್ಮ ಹಳೆಯ ಓದುಗ, ಹುಬ್ಬಳ್ಳಿ