ವಂಶಾವಳಿ ಸಮಾವೇಶಕ್ಕೆ ಬರುವವರ ಗಮನಕ್ಕೆ

ಗುಂಪಿನ ಎಲ್ಲ ಹಿರಿಯರಿಗೂ ಬಂಧುಗಳಿಗೂ ನಮಸ್ಕಾರ. ಬರುವ ರವಿವಾರ ಬೆಳಿಗ್ಗೆ 10 ಗಂಟೆಗೆ ಬಾಗಲಕೋಟೆಯ ನವನಗರದಲ್ಲಿ ನಡೆಯುವ ವಂಶಾವಳಿ ಸಮಾವೇಶಕ್ಕೆ ಹೆಸರು ಕೊಟ್ಟವರು 7 ಗಂಟೆಯೊಳಗೆ ವಿಜಯಪುರದ ಕೇಂದ್ರ ಬಸ್ ನಿಲ್ದಾಣದಲ್ಲಿ ಸೇರಬೇಕೆಂದು ವಿನಂತಿ.

ಅಡ್ಡಹೆಸರಿನ ಮೂಲ ಹುಡುಕುವವರಿಗೆ ಒಂದು ಮಾತು. ಕುಲಕರ್ಣಿ, ದೇಸಾಯಿ, ಪಾಟೀಲ, ತಳವಾರ ಮುಂತಾದವು ವತನದ, ಅಂದರೆ ವಂಶಪಾರಂಪರ್ಯವಾಗಿ ಬರುತ್ತಿದ್ದ, ಹುದ್ದೆಯಿಂದ ಬಂದ ಹೆಸರುಗಳಾದ್ದರಿಂದ, ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ಎರಡು ಮನೆತನಗಳಿಗೆ ರಕ್ತಸಂಬಂಧವಿದೆ ಎನ್ನಲಾಗದು. ಮೂಲ ಊರು, ಮನೆದೇವರು, ಬೆಡಗು (ಒಂದೇ ಮೂಲದವರೆಂದು ಎಣಿಸುವ ಕುಲದ ಹೆಸರು) ಅಥವಾ ಗೋತ್ರ ಇವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಇವುಗಳ ಜೊತೆ ಅಜ್ಜ, ಮುತ್ತಜ್ಜರ ಹೆಸರುಗಳನ್ನೂ ಬರೆದುಕೊಂಡು ಬನ್ನಿ. ನಮ್ಮ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಹಳೆಯ ಕಾಗದಗಳು ಹಲವು ಮನೆಗಳಲ್ಲಿ ಮರಾಠಿಯಲ್ಲಿ, ಅದೂ ಮರಾಠಿಯನ್ನು ಹಿಂದೆ ಕೂಡಿಸಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ ಇರುತ್ತವೆ. ಮೂಲಪ್ರತಿ ಮನೆಯಲ್ಲೇ ಇರಲಿ, ಜೆರಾಕ್ಸ್ ಸಾಕು. ಎತ್ತಿನ ಮೇಲೆ ಬಂದು ವಂಶ ಹೇಳುವ ಹೆಳವರು ನಿಮ್ಮ ಮನೆಗೆ ಈಗಲೂ ಬರುತ್ತಿದ್ದರೆ ಅವರ ಊರನ್ನು ಹಿರಿಯರಿಂದ ಕೇಳಿಟ್ಟುಕೊಳ್ಳಿ. ಕಚೇರಿಯ ದಾಖಲೆಗಿಂತ ಹಿಂದಿನ ತಲೆಮಾರುಗಳು ಸಿಕ್ಕರೆ ಅವರಲ್ಲೇ ಸಿಗಬೇಕು ಎಂಬುದು ನನ್ನ ಅನಿಸಿಕೆ.

ಬರುವವರು ಶುಕ್ರವಾರ ಸಂಜೆಯೊಳಗೆ ತಮ್ಮ ಹೆಸರು, ಅಡ್ಡಹೆಸರು, ಮೂಲ ಊರನ್ನು ಇದೇ ಗುಂಪಿನಲ್ಲಿ ತಿಳಿಸಬೇಕು. ಶುಭೋದಯದ ಚಿತ್ರಗಳ ನಡುವೆ ಉತ್ತರಗಳು ಕಳೆದುಹೋಗುವುದರಿಂದ ಅಲ್ಲಿಯವರೆಗೆ ಅವನ್ನು ತಡೆಹಿಡಿದರೆ ಉಪಕಾರವಾಗುತ್ತದೆ.