ಮೇಲಿನ ಗದ್ದೆಯವನು ನಾನೇ

ಮಸ್ಕತ್

ತೀರ್ಥರೂಪ ಅಪ್ಪಾಜಿ ಮತ್ತು ಅವ್ವನಿಗೆ ನಿಮ್ಮ ಮಗನ ನಮಸ್ಕಾರಗಳು.

ನಾನಿಲ್ಲಿ ಆರಾಮಾಗಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಪತ್ರ.

ಮೂರು ತಿಂಗಳಿಂದ ದುಡ್ಡು ಕಡಿಮೆ ಕಳಿಸಿದೆನಲ್ಲ, ಪಗಾರ ತಡವಾಗಿದೆ ಅಂದಿದ್ದೆ. ಅದು ಸುಳ್ಳು ಅಪ್ಪಾಜಿ. ಪಗಾರ ಸರಿಯಾಗೇ ಬಂದಿದೆ. ಕಂತಿನ ಮೇಲೆ ಹೊಸ ಫೋನು, ಗುರುವಾರ ರಾತ್ರಿ ಬಂತೆಂದರೆ ಗೆಳೆಯರ ಜೊತೆ ಹೋಟೆಲು, ಮಲಗಿಕೊಂಡೇ ಮೊಬೈಲಿನಲ್ಲಿ ತರಿಸಿದ ಎರಡು ಜೊತೆ ಬೂಟು. ಒಂದು ರಿಯಾಲ್ ಅಂದರೆ ಇಲ್ಲಿ ಚಿಲ್ಲರೆ ಅನ್ನಿಸುತ್ತದೆ. ಊರಿನ ಲೆಕ್ಕದಲ್ಲಿ ಅದು ಇನ್ನೂರು ರೂಪಾಯಿ ದಾಟುತ್ತದೆ ಅನ್ನೋದು ಖರ್ಚಾದ ಮೇಲೆ ನೆನಪಾಗುತ್ತದೆ.

ಹೋದ ತಿಂಗಳು ರಜೆಯ ದಿನ ನಿಜ್ವಾಕ್ಕೆ ಹೋಗಿದ್ದೆವು. ಅಲ್ಲಿ ಫಲಜ್ ದಾರಿಸ್ ಅಂತ ಹಳೇ ಕಾಲುವೆ ಇದೆ. ಒಮಾನಿನ ಇಂಥ ಐದು ಕಾಲುವೆಗಳನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಮುಂದೆ ಅದೊಂದು ಹೊಲಗಾಲುವೆ, ಅಷ್ಟೇ. ಪಂಪಿಲ್ಲ, ನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ಹಿಂದೆ ಹಗಲು ಕೋಲಿನ ನೆರಳು ನೋಡಿ, ರಾತ್ರಿ ಚುಕ್ಕಿ ನೋಡಿ ಪಾಳಿ ಹಂಚುತ್ತಿದ್ದರಂತೆ. ಊರಿಗೆ ಬಂದ ನೀರು ಮೊದಲು ಕುಡಿಯೋದಕ್ಕೆ. ಆಮೇಲೆ ಮಸೀದಿ, ಸ್ನಾನ. ಆಮೇಲೆ ಖರ್ಜೂರದ ತೋಟ. ಹಂಗಾಮಿನ ಬೆಳೆಗೆ ಕೊನೆಯ ಪಾಳಿ. ನೀರು ಕಡಿಮೆಯಾದ ವರ್ಷ ಆ ಬೆಳೆ ಬಿಡುತ್ತಾರೆ, ಖರ್ಜೂರದ ಗಿಡ ಒಣಗಲು ಬಿಡೋದಿಲ್ಲ.

ಕೇಳುತ್ತಾ ನಿಂತವನಿಗೆ ನೀವು ನೆನಪಾದಿರಿ. ಟಾರ್ಚ್ ಹಿಡಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ರಾತ್ರಿಯೆಲ್ಲ ತೂಬಿನ ಹತ್ತಿರ ಕೂತಿರುತ್ತಿದ್ದಿರಿ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಂತ ಮಾಡಿದ ಕಾಲುವೆ ನಮ್ಮದು, ಜಾಸ್ತಿ ಹೊಲಗಳಿಗೆ ನೀರು ಮುಟ್ಟಲಿ ಅಂತ. ಮೇಲಿನವರು ಭತ್ತ ಹಚ್ಚಿದರು. ಮಾನ್ವಿ ಕಡೆಗೆ ಬರುವಷ್ಟರಲ್ಲಿ ಕಾಲುವೆಯ ತಳ ಒದ್ದೆಯಾದರೆ ಅದೇ ಪುಣ್ಯ. "ಇವರ ಹೊಟ್ಟೆ ತುಂಬೋದೇ ಇಲ್ಲೇನು" ಅಂತ ನಾನೂ ಬೈದವನೇ.

ಈಗ ನೋಡಿದರೆ ಪಗಾರಕ್ಕೆ ಮೇಲಿನ ಗದ್ದೆಯವನು ನಾನೇ. ಕೊನೆಯ ಹೊಲ ನಿಮ್ಮದು.

ಅದಕ್ಕೇ ಈ ಸಲ ಪಾಳಿ ತಿರುಗಿಸಿದ್ದೇನೆ. ಪಗಾರ ಬಂದ ದಿನವೇ ಇಲ್ಲಿನ ರೂವಿ ಪೇಟೆಗೆ ಹೋಗಿ ಮನೆಯ ದುಡ್ಡು ಕಳಿಸಿದೆ. ಆಮೇಲೆ ಬಾಡಿಗೆ, ಊಟ. ಬೂಟು ಏನಾದರೂ ಉಳಿದರೆ. ಕ್ರೆಡಿಟ್ ಕಾರ್ಡು ಪೆಟ್ಟಿಗೆಯ ತಳ ಸೇರಿದೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 33 ಗೇಟಿನಲ್ಲಿ 19ನೆಯದೊಂದೇ ಕಿತ್ತುಹೋಗಿದ್ದಕ್ಕೆ ನೀವು ವಾರವಿಡೀ ಸರಿಯಾಗಿ ಉಣ್ಣಲಿಲ್ಲ ಅಲ್ವಾ? ನನ್ನ 19ನೇ ಗೇಟು ಈ ಕಾರ್ಡು. ಮೊದಲ ವಾರ ಕೈ ತುರಿಸಿತು, ಸುಳ್ಳು ಹೇಳೋದಿಲ್ಲ.

ಅವ್ವ, ನೀನು ಗಾಬರಿಯಾಗಬೇಡ, ಉಪವಾಸ ಬಿದ್ದಿಲ್ಲ. ಶುರುವಿನ ಹುರುಪಿನಲ್ಲಿ ಹತ್ತು ದಿನ ಬರೀ ಅನ್ನ, ಉಪ್ಪಿನಕಾಯಿ ಉಂಡೆ. ಸೈಟಿನಲ್ಲಿ ತಲೆ ಸುತ್ತು ಬಂತು. ರೂಮಿನ ಮಲಯಾಳಿ ಅಣ್ಣ ಚೆನ್ನಾಗಿ ಬೈದು ಬೇಳೆ ಸಾರು, ಮೊಸರು ಬಡಿಸಿದ. ಈಗ ಹೊಟ್ಟೆ ತುಂಬ ಉಣ್ಣುತ್ತೇನೆ. ತಿಂಗಳಿಗೊಮ್ಮೆ ಹೋಟೆಲಿಗೂ ಹೋಗುತ್ತೇನೆ, ಅದನ್ನು ಬಿಡೋದಿಲ್ಲ. ಅದೂ ಬೇಡ ಅಂತ ಕೂತರೆ ಮೂರನೇ ತಿಂಗಳು ಹುಚ್ಚೆದ್ದು ಖರ್ಚು ಮಾಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಬಾಕಿ ದುಡ್ಡನ್ನು ನಾಲ್ಕು ತಿಂಗಳಲ್ಲಿ ಸೇರಿಸಿ ಕಳಿಸುತ್ತೇನೆ. ಊರಿನಿಂದ ಯಾರಾದರೂ ಈ ಕಡೆ ಬರುತ್ತಿದ್ದರೆ ಶೇಂಗಾ ಚಟ್ನಿಪುಡಿ ಕೊಟ್ಟು ಕಳಿಸು ಅವ್ವ. ಅಪ್ಪಾಜಿ, ಬೈಯೋದಿದ್ದರೆ ಫೋನ್ ಮಾಡಿ ಬೈಯಿರಿ. ಹಾಗೇ ಕಾಲುವೆಗೆ ನೀರು ಬಿಟ್ಟರಾ, ನಮ್ಮ ತೂಬಿಗೆ ಮುಟ್ಟಿತಾ ಅಂತಲೂ ಹೇಳಿ.

ನಿಮ್ಮ ಮಗ